ಗುಂಡು ಹಾರಿಸದ ಕಟ್ಟಡ

ಬರೆದು ತುಂಬಾ ದಿನ ಆಯ್ತು. ನಡುವೆ ರಾತ್ರಿ ಪಾಳಿ, ಊರಿಗೆ ಹೋಗಿ ಬಂದದ್ದು, ಮತ್ತೆ ರಾತ್ರಿ ಪಾಳಿ.... ಹೀಗೇ ದಿನ ಕಳೀತಾ ಇವೆ. ಇವತ್ತು ಬರೀಬೇಕು ಅಂತ ಕೂತಿರೋದು ಒಂದು ಕಂಪ್ಯೂಟರ್ ಗೇಮಿನಲ್ಲಿ ಬರೋ ಕಟ್ಟಡದ ಬಗ್ಗೆ. ನಗಬೇಡಿ, ಪೂರ್ತಿ ಓದಿ :-)

ಗೇಮಿನ ಹೆಸರು ಸುಪ್ರೀಂ ಕಮಾಂಡರ್. ಕ್ರಿಸ್ ಟೇಲರ್ ಮತ್ತವರ ಗ್ಯಾಸ್ ಪವರ್ಡ್ ಗೇಮ್ಸ್ ತಂಡ ಮಾಡಿದ್ದು, 2007ರ ಫೆಬ್ರವರಿಯಲ್ಲಿ ಬಂದದ್ದು. ನಾನು ಆಡಿದ್ದು ಅದಕ್ಕೆ ಹತ್ತು ವರ್ಷ ವಯಸ್ಸಾದ ಮೇಲೆ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವಾಗ. ಹೊಸ ಗೇಮುಗಳು ನಮ್ಮ ಹಾಸ್ಟೆಲಿನ ಲ್ಯಾಪ್‌ಟಾಪುಗಳಲ್ಲಿ ಓಡ್ತಿರಲಿಲ್ಲ, ಇದು ಓಡ್ತಿತ್ತು, ಅಷ್ಟೇ ಕಾರಣ. ನೂರಾರು ವಿಮಾನ, ಟ್ಯಾಂಕು ಸೇರಿದ ಮೇಲೆ ಇದೂ ತೆವಳೋದಕ್ಕೆ ಶುರು ಮಾಡ್ತಿತ್ತು ಅನ್ನೋದು ಬೇರೆ ಮಾತು.

ಕಥೆ ಹೀಗಿದೆ. ಮೂವತ್ತೇಳನೇ ಶತಮಾನ. ಸಾವಿರ ವರ್ಷಗಳಿಂದ ಮೂರು ಪಕ್ಷಗಳು ಹೊಡೆದಾಡ್ತಾ ಇವೆ. ಭೂಮಿಯವರ ಯುಇಎಫ್, ಮಿದುಳಿಗೆ ಕಂಪ್ಯೂಟರ್ ಜೋಡಿಸಿಕೊಂಡ ಸೈಬ್ರನ್‌ಗಳು, ತಮ್ಮದೇ ಒಂದು ಧರ್ಮ ಹಿಡಿದು ಹೊರಟ ಏಯಾನ್‌ಗಳು. ಅದೇ ವರ್ಷದ ಕೊನೆಗೆ ಬಂದ ಫೋರ್ಜ್ಡ್ ಅಲಯನ್ಸ್‌ನಲ್ಲಿ ಸೆರಾಫಿಮ್ ಅನ್ನೋ ಅನ್ಯಗ್ರಹದವರೂ ಸೇರಿಕೊಳ್ತಾರೆ. ಆಡೋರ ಕೈಯಲ್ಲಿ ಮೊದಲಿಗೆ ಇರೋದು ಒಂದೇ ಒಂದು ದೈತ್ಯ ರೋಬೋ. ಅದರಿಂದ ಗಣಿ, ವಿದ್ಯುತ್ತು, ಫ್ಯಾಕ್ಟರಿ ಎಲ್ಲ ಕಟ್ಟುತ್ತಾ ಹೋಗಬೇಕು.

ಈ ಗೇಮಿನ ವಿಮಾನಗಳಿಗೆ ಇಂಧನದ ಲೆಕ್ಕ ಇದೆ. ಮುಗಿದರೆ ಕೆಳಗೆ ಬೀಳೋದಿಲ್ಲ, ಆದರೆ ಎತ್ತಿನ ಗಾಡಿ ಥರ ನಿಧಾನ ಆಗಿಬಿಡ್ತವೆ. ಶತ್ರುವಿನ ಫಿರಂಗಿಗೆ ಅದಕ್ಕಿಂತ ಸುಲಭದ ಗುರಿ ಬೇಕೆ? ಇದಕ್ಕೆ ಅಂತಲೇ ಏರ್ ಸ್ಟೇಜಿಂಗ್ ಫೆಸಿಲಿಟಿ ಅನ್ನೋ ಕಟ್ಟಡ ಇದೆ. ವಿಮಾನ ಬಂದು ಅದರ ಮೇಲೆ ಇಳಿಯುತ್ತೆ, ಇಂಧನ ತುಂಬಿಸಿಕೊಳ್ಳುತ್ತೆ, ಪೆಟ್ಟಾಗಿದ್ದರೆ ರಿಪೇರಿ ಮಾಡಿಸಿಕೊಳ್ಳುತ್ತೆ, ಮತ್ತೆ ಹಾರುತ್ತೆ. ಆ ಕಟ್ಟಡ ಒಂದು ಗುಂಡನ್ನೂ ಹಾರಿಸೋದಿಲ್ಲ. ನೋಡೋದಕ್ಕೂ ಚೆಂದ ಇಲ್ಲ. 2000ದಲ್ಲಿ ಬಂದ ರೆಡ್ ಅಲರ್ಟ್ 2 ಆಡಿದವರಿಗೆ ನೆನಪಿರಬಹುದು, ಅಲ್ಲಿ ಹ್ಯಾರಿಯರ್ ವಿಮಾನಗಳು ಬಾಂಬು ಹಾಕಿದ ಮೇಲೆ ವಾಪಸ್ ಬಂದು ಇಳಿಯಲೇಬೇಕು. ಒಂದು ಕಟ್ಟಡಕ್ಕೆ ನಾಲ್ಕೇ ವಿಮಾನ. ಆ ಗೇಮಿನಲ್ಲಿ ನಿಯಮವೇ ಹಾಗಿರೋದರಿಂದ ಎಲ್ಲರೂ ಕಟ್ತಾರೆ. ಸುಪ್ರೀಂ ಕಮಾಂಡರಿನಲ್ಲಿ ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ಹೊಸಬರು ಯಾರೂ ಕಟ್ಟೋದೇ ಇಲ್ಲ. ಅಷ್ಟೇ ಖರ್ಚಿನಲ್ಲಿ ಇನ್ನೊಂದಿಷ್ಟು ವಿಮಾನ ಬರುತ್ತಲ್ಲ!

ನಮ್ಮ ಹಾಸ್ಟೆಲಿನಲ್ಲಿ ಸುರಪುರದ ಕಡೆಯ ಸೀನಿಯರ್ ಒಬ್ಬರಿದ್ದರು. ಅವರು ಮಾತ್ರ ಈ ಕಟ್ಟಡವನ್ನು ತಪ್ಪದೇ ಕಟ್ಟೋರು, ಅದೂ ಯುದ್ಧ ನಡೆಯೋ ಜಾಗಕ್ಕೆ ಆದಷ್ಟು ಹತ್ತಿರ. ಎದುರಿಗೆ ಕೂತವನು "ಅಣ್ಣ, ನನ್ನ ವಿಮಾನ ಜಾಸ್ತಿ ಅದಾವ, ಈ ಸಲ ನೀ ಹೋದಿ" ಅಂದರೆ ಅವರದು ಒಂದೇ ಉತ್ತರ. "ನಿನ್ ಹಂತ್ಯಾಕ ಐವತ್ತು ಅವ, ನನ್ ಹಂತ್ಯಾಕ ಇಪ್ಪತ್ತು. ಖರೆ ನನ್ವು ಐದ್ ಸಲ ಬರ್ತಾವಪಾ." ಹಾಗೇ ಆಗ್ತಿತ್ತು ಕೂಡ.

ನಿಜವಾದ ಯುದ್ಧದಲ್ಲೂ ಲೆಕ್ಕ ಇದೇ. 1967ರ ಜೂನಿನ ಆರು ದಿನಗಳ ಯುದ್ಧದಲ್ಲಿ ಇಸ್ರೇಲಿನ ನೆಲದ ಸಿಬ್ಬಂದಿ, ವಾಪಸ್ ಬಂದ ವಿಮಾನಕ್ಕೆ ನಿಮಿಷಗಳಲ್ಲಿ ಇಂಧನ, ಬಾಂಬು ತುಂಬಿ ಮತ್ತೆ ಕಳಿಸ್ತಿದ್ದರು. ಒಂದೇ ವಿಮಾನ ಒಂದೇ ದಿನದಲ್ಲಿ ಹಲವು ಸಲ ಹೋಗಿ ಬರ್ತಿತ್ತು. ಇತಿಹಾಸದ ಪುಸ್ತಕದಲ್ಲಿ ಪೈಲಟ್‌ಗಳ ಫೋಟೋ ಇರುತ್ತೆ. ಪೆಟ್ರೋಲ್ ಪೈಪ್ ಹಿಡಿದವನ ಫೋಟೋ ಹುಡುಕಿದರೂ ಸಿಗೋದು ಕಷ್ಟ.

*

ಈಗ ನಾನು ಕೆಲಸ ಮಾಡೋದು ಬೆಂಗಳೂರಿನ ಬೆಳ್ಳಂದೂರಿನ ಕಡೆ. ಬೆಳ್ಳಂದೂರು ಕೆರೆ ಅಂದರೆ ನಿಮಗೆಲ್ಲ ನೊರೆ ನೆನಪಾಗುತ್ತೆ, 2017-18ರಲ್ಲಿ ಹೊತ್ತಿಕೊಂಡ ಬೆಂಕಿ ನೆನಪಾಗುತ್ತೆ. ಇದೇ ಕೆರೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಯೋ ಜಾಗ ಆಗಿತ್ತು ಅಂತ ಗೊತ್ತಾದಾಗ ನಾನಂತೂ ನಂಬಲಿಲ್ಲ. ಕ್ಯಾಟಲೀನಾ ಅಂತ ನೀರಿನ ಮೇಲೆ ಇಳಿಯೋ ವಿಮಾನಗಳು. ಸಮುದ್ರದ ಮೇಲೆ ಗಸ್ತು ತಿರುಗಿ ಸವೆದು ಬಂದವು ಈ ಕೆರೆಯಲ್ಲಿ ಇಳಿದು, ಇಲ್ಲಿಂದ ಎಚ್‌ಎಎಲ್‌ಗೆ ರಿಪೇರಿಗೆ ಹೋಗ್ತಿದ್ದವು.

ಎಚ್‌ಎಎಲ್ ಕಥೆಯೇ ಸ್ವಾರಸ್ಯವಾಗಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಆಸೆ ಇದ್ದದ್ದು ನಮ್ಮದೇ ವಿಮಾನ ಮಾಡಬೇಕು ಅಂತ. 1941ರಲ್ಲಿ ಹಾರ್ಲೋ ಅನ್ನೋ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದ್ದೂ ಆಯ್ತು. ಅಷ್ಟರಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿತು. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತಗೊಂಡಿತು. 1943ರಲ್ಲಿ ಆಡಳಿತ ಅಮೆರಿಕದ ವಾಯುಪಡೆಗೆ ಹೋಯ್ತು. ವಿಮಾನ ತಯಾರಿಸೋ ಕನಸು ಪಕ್ಕಕ್ಕೆ ಸರಿದು, ಬರ್ಮಾ, ಚೀನಾ ಕಡೆ ಹಾರೋ ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿ ಮಾಡಿ ಕಳಿಸೋದೇ ಅಲ್ಲಿನ ಮುಖ್ಯ ಕೆಲಸ ಆಯ್ತು. ಅಮೆರಿಕದವರು ಅದಕ್ಕೆ ಇಟ್ಟ ಹೆಸರು 84ನೇ ಏರ್ ಡಿಪೋ.

ಡಿಪೋ! ಆ ಪದ ಓದಿದಾಗ ನನಗೆ ಒಳಗೊಳಗೇ ಖುಷಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಯುದ್ಧ ಮುಗಿದ ಮೇಲಿನ ಸಂಗತಿ ಇನ್ನೂ ಚೆನ್ನಾಗಿದೆ. ಲಿಬರೇಟರ್ ಅನ್ನೋ ನಾಲ್ಕು ಇಂಜಿನ್ನಿನ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಗುಜರಿಗೆ ಬಿಟ್ಟಿದ್ದರು. ಸುಮ್ಮನೆ ಬಿಡಲಿಲ್ಲ, ಯಾರೂ ಮತ್ತೆ ಹಾರಿಸಬಾರದು ಅಂತ ಬೇಕಂತಲೇ ಕೆಡಿಸಿದ್ದರು. ಎಚ್‌ಎಎಲ್‌ನವರು ಹೋಗಿ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರು ಮುಟ್ಟೋ ಅಷ್ಟರ ಮಟ್ಟಿಗೆ ಸರಿ ಮಾಡಿದರು. ಜಮ್ಶೆಡ್ ಮುನ್ಶಿ ಅನ್ನೋ ಪೈಲಟ್ ಅವನ್ನು ಒಂದೊಂದಾಗಿ ಹಾರಿಸಿ ತಂದರು. ಹೀಗೆ ಬಂದವು ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಪೂರ್ತಿ ರಿಪೇರಿಯಾಗಿ, 1948ರಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯ್ತು. ಲಿಬರೇಟರ್‌ಗಳು ನಮ್ಮಲ್ಲಿ 1968ರವರೆಗೂ ಹಾರಿದವು! ಅವುಗಳಲ್ಲೊಂದು ಆಮೇಲೆ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ ಸೇರಿತು. ಗುಜರಿ ಅಂತ ಬಿಟ್ಟದ್ದನ್ನು ಇಪ್ಪತ್ತು ವರ್ಷ ಹಾರಿಸಿದ ಮೆಕ್ಯಾನಿಕ್‌ಗಳಲ್ಲಿ ಒಬ್ಬರ ಹೆಸರೂ ನಮಗೆ ಶಾಲೆಯಲ್ಲಿ ಹೇಳಿಕೊಡಲಿಲ್ಲ ನೋಡಿ.

*

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಶಹಾಪುರ. ಗೊತ್ತಿಲ್ಲದವರಿಗೆ: ಯಾದಗಿರಿ ಜಿಲ್ಲೆ, ಮಲಗಿದ ಬುದ್ಧನ ಹಾಗೆ ಕಾಣೋ ಗುಡ್ಡಗಳ ಊರು. ಬೆಂಗಳೂರಿಂದ ರಾತ್ರಿ ಬಸ್ಸು. ಬಸ್ಸಿನ ತುಂಬ ನಮ್ಮ ಕಡೆಯ ಜನ. ನಾನು ಕೂರೋ ಆಫೀಸಿನ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಕಟ್ಟೋರು. ತಗಡಿನ ಶೆಡ್ಡಿನಲ್ಲಿ ಇರ್ತಾರೆ. ನನ್ನ ಪಕ್ಕದ ಸೀಟಿನಲ್ಲಿ ಸುರಪುರ ತಾಲ್ಲೂಕಿನ ಒಬ್ಬ ಅವ್ವ ಇದ್ದಳು. ಬೆನ್ನು ನೋವಂತೆ. "ಅಲ್ಲಿ ದವಾಖಾನಿಗೆ ತೋರಿಸಬೇಕಿಲ್ಲೇನಬೇ?" ಅಂದೆ. ಅದಕ್ಕವಳು, "ಅಲ್ಲಿ ಹೋಗೋದು ದುಡಿಲಾಕ ಯಪ್ಪಾ. ಮೈ ಸುದ್ದ ಮಾಡ್ಕೊಳ್ಳಾದು ಊರಾಗ. ಹದಿನೈದ್ ದಿನ ಇದ್ದು, ಉಂಡು, ತಿಕ್ಕಿಸ್ಕೊಂಡು ಮತ್ತ ಹೋಗ್ತೀವಿ" ಅಂದಳು. ಬೆಂಗಳೂರಿನ ಲೆಕ್ಕದಲ್ಲಿ ಅವಳು ಒಂದು ದಿನದ ಕೂಲಿ, ಅಷ್ಟೇ. ಅವಳನ್ನು ಮತ್ತೆ ದುಡಿಯೋ ಹಾಗೆ ಮಾಡಿ ಕಳಿಸೋ ಖರ್ಚು ಯಾದಗಿರಿ ಜಿಲ್ಲೆಯ ಯಾವುದೋ ಹಳ್ಳಿಯ ಮನೆಯದು. ಅದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆಯೋದಿಲ್ಲ.

ರಜೆಯಲ್ಲಿ ಗೆಳೆಯರ ಜೊತೆ ಯಾದಗಿರಿ ಕೋಟೆ ಹತ್ತಿದ್ದೆ. ಅಲ್ಲಿ ಬರೋರೆಲ್ಲ ತೋಪಿನ ಮೇಲೆ ಕೂತು ಸೆಲ್ಫಿ ತಗೋತಾರೆ. ನಾವೂ ತಗೊಂಡ್ವಿ :-) ಸ್ವಲ್ಪ ಆಚೆ ನೀರಿನ ಹೊಂಡಗಳಿವೆ. ಆ ಕಡೆ ಯಾರೂ ತಿರುಗಿ ನೋಡ್ತಿರಲಿಲ್ಲ. ಯೋಚಿಸಿ ನೋಡಿ, ಆ ಬಂಡೆಗುಡ್ಡದ ಮೇಲೆ ನೀರಿಲ್ಲದೆ ತೋಪು ಇಟ್ಟುಕೊಂಡು ಎಷ್ಟು ದಿನ ಇರೋದಕ್ಕಾಗುತ್ತೆ?

ನಮ್ಮ ಕಡೆಯವರಿಗೆ ಇದು ಹೊಸ ವಿಷಯ ಏನಲ್ಲ. 1705ರಲ್ಲಿ ಔರಂಗಜೇಬ ಸುರಪುರದ ಹತ್ತಿರದ ವಾಗಿನಗೇರಾ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಿದ. ಆಗವನಿಗೆ 86 ವರ್ಷ. ಎದುರಿಗಿದ್ದದ್ದು ಬೇಡ ನಾಯಕ ಪಿಡ್ಡನಾಯಕ. ಮೂರು ತಿಂಗಳ ಹತ್ತಿರ ನಡೆದ ಮುತ್ತಿಗೆಯ ಕೊನೆಗೆ ಮೊಗಲರು ಒಳಗೆ ನುಗ್ಗಿದಾಗ ನಾಯಕ ಸಿಗಲಿಲ್ಲ. ಆತ ತನ್ನವರೊಂದಿಗೆ ರಾತ್ರಿ ಜಾಗ ಖಾಲಿ ಮಾಡಿ ಹೋಗಿದ್ದ. ಸುತ್ತಲಿನ ಗುಡ್ಡ, ಹಳ್ಳಿ ಎಲ್ಲ ಅವನವೇ. ಎಲ್ಲಿ ಬೇಕಾದರೂ ಇಳಿದು ಸುಧಾರಿಸಿಕೊಂಡು ಮತ್ತೆ ಬರಬಹುದಿತ್ತು. ಅಷ್ಟು ದೊಡ್ಡ ಸೈನ್ಯದ ಬಾದಶಹ ಮಾತ್ರ ಹತ್ತಿರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಡೇರೆ ಹಾಕಿ, ಅಲ್ಲಿ ಕಾಯಿಲೆ ಬಿದ್ದು, ಅಹ್ಮದ್‌ನಗರಕ್ಕೆ ಹೋಗಿ 1707ರಲ್ಲಿ ತೀರಿಕೊಂಡ. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ಸುರಪುರದ್ದು.

*

ಈಗ ಡಿಪೋ ವಿಷಯಕ್ಕೆ ಬರ್ತೀನಿ. ನಮ್ಮಪ್ಪ ಸಾರಿಗೆ ಸಂಸ್ಥೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾಗಿ ಎರಡು ವರ್ಷ. ಹೆಚ್ಚಿನ ಕಾಲ ರಾತ್ರಿ ಪಾಳಿ. ರಾತ್ರಿ ಗಾಡಿಗಳು ಒಂದೊಂದಾಗಿ ಡಿಪೋಕ್ಕೆ ಬರ್ತವೆ. ಡ್ರೈವರು "ಬ್ರೇಕ್ ಸ್ವಲ್ಪ ಎಳೆಯುತ್ತೆ", "ಎಡಗಡೆ ಪಟ್ಟಾ ಸದ್ದು ಮಾಡುತ್ತೆ" ಅಂತ ಬರೆಸಿ ಹೋಗ್ತಾರೆ. ಡೀಸೆಲ್ಲು, ತೊಳೆಯೋದು, ಗಾಳಿ ನೋಡೋದು, ಗ್ರೀಸು. ಇಂತಿಷ್ಟು ಕಿಲೋಮೀಟರ್ ಓಡಿದ ಗಾಡಿಗೆ ದೊಡ್ಡ ತಪಾಸಣೆ. ಬೆಳಗಿನ ಜಾವ ಮೊದಲ ಬಸ್ಸು ಹೋಗೋ ಹೊತ್ತಿಗೆ ಅಪ್ಪ ಮನೆಗೆ ಬರ್ತಿದ್ದರು, ಮೈಯೆಲ್ಲ ಆಯಿಲ್ ವಾಸನೆ. ನಮ್ಮನೆಯಲ್ಲಿ ಸೋಪು ಬೇಗ ಖಾಲಿ ಆಗ್ತಿತ್ತು.

ಅಪ್ಪನ ಹತ್ತಿರ ಜೇಬಿನಲ್ಲಿ ಹಿಡಿಯೋ ಸಣ್ಣ ಡೈರಿಗಳಿದ್ದವು, ಈಗಲೂ ಇವೆ. ಗಾಡಿ ನಂಬರು, ಏನು ಕೆಟ್ಟಿತ್ತು, ಏನು ಹಾಕಿದೆ. ಪುಟಗಟ್ಟಲೆ ಇದೇ. ಈ ಸಲ ಕೂತು ಓದಿದೆ. ಒಂದು ಕಡೆ "ಬ್ರೇಕ್ ಪೈಪ್ ಸೀಳಿತ್ತು, ಬದಲು" ಅಂತ ಇತ್ತು. ಕೆಳಗೆ ರೂಟು: ಬೆಂಗಳೂರು. ನಾಲ್ಕು ಪದ. ಆ ಬಸ್ಸಿನಲ್ಲಿ ಆ ರಾತ್ರಿ ಯಾರ್ಯಾರು ನಿದ್ದೆ ಮಾಡಿಕೊಂಡು ಹೋದರೋ, ಅವರಿಗೆ ಈ ನಾಲ್ಕು ಪದದ ಸುದ್ದಿಯೂ ಇಲ್ಲ. ಗಾಡಿ ದಾರಿಯಲ್ಲಿ ನಿಂತಿದ್ದರೆ ಮೆಕ್ಯಾನಿಕ್ಕನ್ನು ಬಯ್ಯೋರು. ನಿಲ್ಲದೇ ಹೋದರೆ ಮೆಕ್ಯಾನಿಕ್ ಒಬ್ಬ ಇದ್ದ ಅನ್ನೋದೇ ಗೊತ್ತಾಗೋದಿಲ್ಲ.

ನನ್ನ ಕೆಲಸವೂ ಅದೇ ಜಾತಿಯದ್ದು. ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಗೊತ್ತು, 'ಸಪೋರ್ಟ್ ಪ್ರಾಜೆಕ್ಟ್' ಅಂದರೆ ಎಲ್ಲರೂ ಮೂಗು ಮುರೀತಾರೆ. ಹೊಸ ಕೋಡ್ ಬರೆಯೋರು ಪೈಲಟ್‌ಗಳು, ನಾವು ಪೆಟ್ರೋಲ್ ಪೈಪಿನವರು. ಹೆಣ್ಣಿನ ಕಡೆಯವರು ನೋಡೋದಕ್ಕೆ ಬಂದಾಗ ಹುಡುಗಿಯ ಅಣ್ಣ, ಅವರೂ ಇಂಜಿನಿಯರೇ, ಕೇಳಿದ ಮೊದಲ ಪ್ರಶ್ನೆ "ಡೆವಲಪ್‌ಮೆಂಟಾ ಸಪೋರ್ಟಾ?" ಆಮೇಲೆ ಅವರು ಮತ್ತೆ ಫೋನ್ ಮಾಡಲಿಲ್ಲ ಬಿಡಿ :-(

ಅಮೆರಿಕದ ಔಷಧಿ ಅಂಗಡಿಗಳ ಸಾಫ್ಟ್‌ವೇರ್ ನಾವು ನೋಡಿಕೊಳ್ಳೋದು. ಅಲ್ಲಿ ಹಗಲು, ಇಲ್ಲಿ ರಾತ್ರಿ. ವೈದ್ಯರ ಚೀಟಿ ಕಂಪ್ಯೂಟರಿನಲ್ಲಿ ಸಿಕ್ಕಿಹಾಕಿಕೊಂಡರೆ ಯಾರಿಗೋ ಮಾತ್ರೆ ಸಿಗೋದಿಲ್ಲ. ನಾವು ರಾತ್ರಿ ನಾಲ್ಕು ಜನ ಕೂರ್ತೀವಿ. ಊರಿಗೆ ಹೊರಡೋ ಮುಂಚೆ ಮ್ಯಾನೇಜರ್ ಕರೆದು ಹೇಳಿದರು, "ಎಂಟು ತಿಂಗಳಿಂದ ದೊಡ್ಡ ತೊಂದರೆ ಏನೂ ಆಗಿಲ್ಲ. ನಾಲ್ಕು ಜನ ಯಾಕೆ ಬೇಕು? ರಾತ್ರಿಗೆ ಎಷ್ಟು ಜನ ಸಾಕು ಅಂತ ನೀವೇ ಬರೆದು ಕೊಡಿ. ಎರಡಾದರೆ ಒಳ್ಳೆಯದು. ಡೆವಲಪ್‌ಮೆಂಟ್ ತಂಡದಲ್ಲಿ ಒಂದು ಜಾಗ ಖಾಲಿ ಇದೆ, ನಿಮ್ಮನ್ನು ಅಲ್ಲಿಗೆ ಹಾಕಬಹುದು." ಬಿಡಿಸಿ ಹೇಳಬೇಕಿಲ್ಲ ಅಲ್ಲವೇ? ಎರಡು ಅಂತ ಬರೆದರೆ ನಾನು ಪೈಲಟ್ ಆಗ್ತೀನಿ. ನನ್ನ ಪಕ್ಕ ಕೂರೋ ಹುಡುಗ, ತಂಗಿ ಮದುವೆ ಸಾಲ ತೀರಿಸ್ತಾ ಇರೋನು, ಬೇರೆ ಕೆಲಸ ಹುಡುಕಬೇಕಾಗುತ್ತೆ.

ಊರಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಡೆವಲಪ್‌ಮೆಂಟ್ ಜಾಗದ ಬಗ್ಗೆ ಅವರು ಏನೂ ಕೇಳಲಿಲ್ಲ. "ಎಷ್ಟು ಮಂದಿ ಬೇಕಂತ ಕೇಳ್ಯಾರಲ್ಲ, ಅದು ಉಲ್ಟಾ ಆತು. ಬೆಳಿಗ್ಗೆ ಎಷ್ಟು ಗಾಡಿ ಹೋಗ್ಬೇಕು, ಅದನ್ ಕೇಳು ಮೊದ್ಲ. ಮಂದಿ ಲೆಕ್ಕ ಆಮ್ಯಾಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಂಟ್ ತಿಂಗಳು ಏನೂ ಆಗಿಲ್ಲಂದ್ರ ನೀವು ಸುಮ್ನ ಕುಂತಿರೇನು? ಏನೇನ್ ಮಾಡೀರಿ ಬರ್ದಿಟ್ಟಿಯೋ ಇಲ್ಲೋ?" ಅಂತ ಕೇಳಿದರು.

ಬರೆದಿಟ್ಟಿದ್ದೆ. ನಮ್ಮಲ್ಲಿ ಪ್ರತಿಯೊಂದಕ್ಕೂ ಟಿಕೆಟ್ ಇರುತ್ತೆ. ಬೆಂಗಳೂರಿಗೆ ವಾಪಸ್ ಬಂದು ಎರಡು ದಿನ ಕೂತು ಎಂಟು ತಿಂಗಳಿನದೆಲ್ಲ ತೆಗೆದೆ. ಡಿಸ್ಕ್ ತುಂಬೋದಕ್ಕೆ ಒಂದು ಗಂಟೆ ಮುಂಚೆ ಖಾಲಿ ಮಾಡಿದ್ದು, ಮರುದಿನ ಅವಧಿ ಮುಗಿಯಲಿದ್ದ ಸರ್ಟಿಫಿಕೇಟ್ ಹಿಂದಿನ ರಾತ್ರಿ ಬದಲಿಸಿದ್ದು, ಸಿಕ್ಕಿಕೊಂಡ ಚೀಟಿಗಳನ್ನು ಕೈಯಿಂದ ಬಿಡಿಸಿ ಕಳಿಸಿದ್ದು. ಹೀಗೆ, ನೋಡಿಕೊಳ್ಳದೇ ಬಿಟ್ಟಿದ್ದರೆ ಅಂಗಡಿಗಳು ನಿಲ್ಲಬಹುದಾಗಿದ್ದ ಸಂದರ್ಭ ಹದಿನೇಳು. ಅದರಲ್ಲಿ ಆರು ಸಲ ಒಂದೇ ಹೊತ್ತಿಗೆ ಎರಡು ಕಡೆ ಕೆಟ್ಟಿತ್ತು, ಮೂರು ಜನ ಕೈ ಹಾಕಿದ್ದೆವು, ನಾಲ್ಕನೆಯವನು ಉಳಿದದ್ದನ್ನೆಲ್ಲ ನೋಡಿಕೊಂಡಿದ್ದ. ಇದನ್ನೆಲ್ಲ ಒಂದು ಪಟ್ಟಿ ಮಾಡಿದೆ. ಅಪ್ಪನ ಡೈರಿ ಥರಾನೇ: ಏನು ಕೆಟ್ಟಿತ್ತು, ಏನು ಮಾಡಿದ್ವಿ, ಯಾವ ರೂಟು. ಕೊನೆಗೆ ರಾತ್ರಿಗೆ ಬೇಕಾದವರು ನಾಲ್ಕು ಅಂತ ಬರೆದು ಸೋಮವಾರ ಕಳಿಸಿದೆ.

ಇವತ್ತು ಗುರುವಾರ. ಉತ್ತರ ಬಂದಿಲ್ಲ. ಡೆವಲಪ್‌ಮೆಂಟ್ ಜಾಗದ ಮಾತನ್ನೂ ಮತ್ತೆ ಯಾರೂ ಎತ್ತಿಲ್ಲ. ಪಕ್ಕದ ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ, ನಿನ್ನೆ ರಾತ್ರಿ ಎರಡು ಗಂಟೆಗೆ ಯಾವುದೋ ಸರ್ವರ್ ಸರಿ ಮಾಡಿ, ನನಗೂ ಒಂದು ಚಹಾ ತಂದು ಕೊಟ್ಟು, ಟಿಕೆಟ್ ಮುಚ್ಚಿ ಕೂತ.

ನಿಮ್ಮಲ್ಲೂ ಇಂಥ ಕೆಲಸ ಮಾಡೋರು ಇದ್ದೀರಾ? ಏನೂ ಆಗದ ಹಾಗೆ ನೋಡಿಕೊಳ್ಳೋದನ್ನು ಮೇಲಿನವರಿಗೆ ಹೇಗೆ ಲೆಕ್ಕ ಕೊಡ್ತೀರಿ? ಹೇಳಿ, ನನಗೆ ನಿಜವಾಗಿಯೂ ಬೇಕಾಗಿದೆ. ಪಾಳಿಗೆ ಹೊತ್ತಾಯ್ತು, ಬರ್ತೀನಿ.